ಗುಳಿಗೆ 12 ವಾರ, ಜೊತೆ 24 ವಾರ

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗೆ ಗುಳಿಗೆ ಕೊಡುವ, ಅವರ ತೊಂದರೆ ಕೇಳುವ, ಮುಂದಿನ ತಾರೀಖು ಬರೆದುಕೊಡುವ ಕೆಲಸ ನನ್ನದು. ಹುದ್ದೆಯಿಂದ ನಾನು ನರ್ಸ್. ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿ ಕಡೆಯಿಂದಲೂ, ಪಕ್ಕದ ಯಾದಗಿರಿ ಜಿಲ್ಲೆಯಿಂದಲೂ ಬರುವ ಮನೆಯವರು ರೋಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾವೊಬ್ಬರೇ ಒಳಗೆ ಬಂದು, ದನಿ ತಗ್ಗಿಸಿ "ಇನ್ನ ನಾವ್ ಏನ್ ಮಾಡ್ಬೇಕ್ರಿ ಅಕ್ಕಾರ?" ಎಂದು ಕೇಳುತ್ತಾರೆ. ಹೊರಗೆ ಜನ ಕಾಯುತ್ತಿರುವಾಗ ಆ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಆದ್ದರಿಂದ ಸಮಾಧಾನವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟು. ಹೆಚ್ಚಿನ ರೋಗಿಗಳಿಗೆ ಚಿಕಿತ್ಸೆ 12 ವಾರ. ಆದರೆ ವೈರಸ್ ನಿಜವಾಗಿಯೂ ಹೋಯಿತೇ ಎಂಬುದು ತಿಳಿಯುವುದು ಕೊನೆಯ ಗುಳಿಗೆ ನುಂಗಿ ಮತ್ತೆ 12 ವಾರ ಕಳೆದ ಮೇಲಿನ ರಕ್ತಪರೀಕ್ಷೆಯಿಂದ. ಮೊದಲ ಅರ್ಧದಲ್ಲಿ ಆಸ್ಪತ್ರೆ, ಗುಳಿಗೆಯ ಡಬ್ಬಿ, ತಾರೀಖುಗಳು ರೋಗಿಯನ್ನು ಹೇಗೋ ಹಿಡಿದಿಟ್ಟಿರುತ್ತವೆ. ಎರಡನೆಯ ಅರ್ಧದಲ್ಲಿ ಅವರ ಬಳಿ ಯಾರೂ ಇರುವುದಿಲ್ಲ. ಜೊತೆಗಿರಬೇಕಾದ್ದು ಎರಡೂ ಅರ್ಧಗಳಲ್ಲಿ.

ಹೆಪಟೈಟಿಸ್ ಸಿ ವೈರಸ್ ರಕ್ತದಿಂದ ರಕ್ತಕ್ಕೆ ಹರಡುತ್ತದೆ. ಅದನ್ನು ಗುರುತಿಸಿದ್ದು 1989ರಲ್ಲಿ. ಆ ಶೋಧಕ್ಕಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಪ್ರಶಸ್ತಿ ಬಂತು. ದಾನಿಗಳ ರಕ್ತವನ್ನು ಈ ವೈರಸ್ಸಿಗಾಗಿ ಪರೀಕ್ಷಿಸುವ ಕ್ರಮ ಬರುವ ಮೊದಲು ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್ ಮೇಲಿರುವವರು, ಒಂದೇ ಸಿರಿಂಜಿನಿಂದ ಹಲವರಿಗೆ ಸೂಜಿ ಚುಚ್ಚುವ ಜಾಗದಲ್ಲಿ ಚಿಕಿತ್ಸೆ ಪಡೆದವರು, ಸೂಜಿ ಬದಲಿಸದೆ ಹಚ್ಚೆ ಹಾಕುವವರಿಂದ ಹಚ್ಚೆ ಹಾಕಿಸಿಕೊಂಡವರು, ಬ್ಲೇಡು ಹಂಚಿಕೊಂಡವರು, ಹೀಗೆ ಯಾರಿಗೂ ಇದು ತಗುಲಿರಬಹುದು. ನೆಗಡಿ ಬಂದರೂ "ಒಂದ್ ಸೂಜಿ ಮಾಡ್ರಿ" ಎಂದು ಕೇಳಿ ಪಡೆಯುವ ನಮ್ಮ ಭಾಗದ ರೂಢಿಯ ಬಗ್ಗೆ ನನಗೆ ಬಹಳ ಬೇಸರವಿದೆ. ಗುಳಿಗೆಯಲ್ಲಿ ವಾಸಿಯಾಗುವ ಜ್ವರಕ್ಕೆ ಸೂಜಿ ಬೇಡ ಎಂದು ಹೇಳುವ ವೈದ್ಯರನ್ನು ಜನ ಇನ್ನೂ ಕೈಗುಣವಿಲ್ಲದವರೆಂದೇ ತಿಳಿಯುತ್ತಾರೆ. ಸೋಂಕು ತಗುಲಿದ 100 ಜನರಲ್ಲಿ ಸುಮಾರು 30 ಜನರ ದೇಹ ಆರು ತಿಂಗಳೊಳಗೆ ತಾನೇ ವೈರಸ್ಸನ್ನು ಹೊರಹಾಕುತ್ತದೆ. ಉಳಿದವರಲ್ಲಿ ಅದು ಯಕೃತ್ತಿನಲ್ಲಿ ನೆಲೆಯೂರಿ, 20 ವರ್ಷಗಳ ಅವಧಿಯಲ್ಲಿ ಅವರ ಪೈಕಿ ನೂರಕ್ಕೆ 15ರಿಂದ 30 ಜನರಿಗೆ ಸಿರೋಸಿಸ್, ಅಂದರೆ ಯಕೃತ್ತು ಗಾಯಗೊಂಡು ಗಂಟುಗಟ್ಟುವ ಸ್ಥಿತಿಯನ್ನು ತರುತ್ತದೆ. ಈ ರೋಗಕ್ಕೆ ಲಸಿಕೆ ಇಲ್ಲ.

ಈ ದೀರ್ಘ ಅವಧಿಯ ಬಹುಪಾಲು ರೋಗಿಗೆ ಏನೂ ಅನ್ನಿಸುವುದಿಲ್ಲ ಎಂಬುದು ಆರೈಕೆ ಮಾಡುವವರು ತಿಳಿದಿರಬೇಕಾದ ಮೊದಲ ಸಂಗತಿ. ಕಾಮಾಲೆ ಬಂದು ಕಣ್ಣು ಹಳದಿಯಾಗಿ ಆಸ್ಪತ್ರೆಗೆ ಬರುವವರು ಕಡಿಮೆ. ಶಸ್ತ್ರಚಿಕಿತ್ಸೆಗೆ ಮೊದಲಿನ ರಕ್ತಪರೀಕ್ಷೆಯಲ್ಲಿ, ರಕ್ತದಾನದಲ್ಲಿ, ಹೆರಿಗೆ ತಪಾಸಣೆಯಲ್ಲಿ ಅಕಸ್ಮಾತ್ತಾಗಿ ಪತ್ತೆಯಾಗಿ ಬರುವವರೇ ಹೆಚ್ಚು. ಹೊಲದಲ್ಲಿ ದಿನವಿಡೀ ದುಡಿದು ಉಂಡು ಮಲಗುತ್ತಿದ್ದ ಮನುಷ್ಯನಿಗೆ ನಾವು ರೋಗವಿದೆ ಎಂದು ಹೇಳಿ ಗುಳಿಗೆ ಕೊಡುತ್ತೇವೆ. ಮೂರನೆಯ ದಿನ ಅವನ ತಲೆ ನೋಯುತ್ತದೆ. "ನಾ ಛಲೋ ಇದ್ದೆ, ಗುಳಗಿ ತಗೊಂಡ ಮ್ಯಾಲೇ ಬ್ಯಾನಿ ಬಂತು" ಎಂದು ಅವನು ಹೇಳಿದರೆ ಅದರಲ್ಲಿ ಸುಳ್ಳೇನೂ ಇಲ್ಲ, ಅವನ ಅನುಭವ ಹಾಗೆಯೇ ಇದೆ. ಜ್ವರದವನಿಗೆ ಗುಳಿಗೆ ನುಂಗಿದ ಮೇಲೆ ಆರಾಮವೆನಿಸುತ್ತದೆ. ಇವನಿಗೆ ಆರಾಮವೆನಿಸುವ ಗುರುತು ಯಾವುದೂ ಇಲ್ಲ, ತೊಂದರೆಯ ಗುರುತು ಮಾತ್ರ ಇದೆ. ಹೀಗೆ ಗುಳಿಗೆ ಬಿಟ್ಟವರನ್ನು ಅಜ್ಞಾನಿಗಳೆಂದು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಗುಳಿಗೆ ಆರಂಭಿಸುವ ಮೊದಲೇ, ಏನೇನು ಆಗಬಹುದು, ಅದು ಎಷ್ಟು ದಿನ ಇರಬಹುದು ಎಂದು ಕೂತು ಹೇಳಿದ್ದರೆ ಅವರಲ್ಲಿ ಹೆಚ್ಚಿನವರು ಬಿಡುತ್ತಿರಲಿಲ್ಲ.

ಇನ್ನೊಂದು ಹೆದರಿಕೆ ಹಳೆಯ ಚಿಕಿತ್ಸೆಯಿಂದ ಉಳಿದುಕೊಂಡು ಬಂದದ್ದು. ಹತ್ತು ಹನ್ನೆರಡು ವರ್ಷಗಳ ಹಿಂದಿನವರೆಗೆ ಇಂಟರ್‌ಫೆರಾನ್ ಇಂಜೆಕ್ಷನ್ನೂ ರಿಬಾವಿರಿನ್ ಗುಳಿಗೆಯೂ ಸೇರಿದ ಚಿಕಿತ್ಸೆ ಇತ್ತು. ವೈರಸ್ಸಿನ ಬಗೆಯನ್ನು ನೋಡಿ 24 ವಾರವೋ 48 ವಾರವೋ ಅದನ್ನು ಮುಂದುವರಿಸಬೇಕಾಗಿತ್ತು. ಪ್ರತಿ ಸೂಜಿಯ ನಂತರ ಚಳಿಜ್ವರ ಮತ್ತು ಮೈಕೈ ನೋವು, ಕೂದಲು ಉದುರುವುದು, ತೂಕ ಇಳಿಯುವುದು, ರಕ್ತಕಣಗಳು ಕುಸಿಯುವುದು, ಎಲ್ಲಕ್ಕಿಂತ ಮಿಗಿಲಾಗಿ ಮನಸ್ಸು ಕುಗ್ಗಿ ಬದುಕೇ ಬೇಡವೆನಿಸುವ ಸ್ಥಿತಿ, ಇಷ್ಟನ್ನೂ ಸಹಿಸಿದ ಮೇಲೂ ಅನೇಕರಲ್ಲಿ ವೈರಸ್ ಹೋಗುತ್ತಿರಲಿಲ್ಲ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ, ಹೊಲ ಅಡವಿಟ್ಟು ಆ ಸೂಜಿ ಮಾಡಿಸಿಕೊಂಡ ಒಬ್ಬ ದೊಡ್ಡಪ್ಪನ ಕಥೆ ಒಂದು ಮನೆತನದಲ್ಲಿದ್ದರೆ, ಆ ಮನೆತನದ ಮುಂದಿನ ರೋಗಿ ನಮ್ಮಲ್ಲಿಗೆ ಬರುವುದು ಆ ಕಥೆಯನ್ನು ಹೊತ್ತೇ. ಈಗಿನ ಗುಳಿಗೆಗಳು ಬೇರೆ. ಇವು ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳುವ ಕೆಲಸವನ್ನೇ ನೇರವಾಗಿ ತಡೆಯುತ್ತವೆ. ಸೊಫೊಸ್ಬುವಿರ್ ಎಂಬ ಗುಳಿಗೆ 2013ರ ಕೊನೆಗೆ ಅಮೆರಿಕದಲ್ಲಿ ಬಂದಾಗ 12 ವಾರದ ಬೆಲೆ 84,000 ಡಾಲರ್ ಇತ್ತು. ಭಾರತದ ಕಂಪನಿಗಳು 2015ರಲ್ಲಿ ಅದನ್ನು ಇಲ್ಲಿಯೇ ತಯಾರಿಸಿ ಮಾರಲು ತೊಡಗಿದ ಮೇಲೆ ಬೆಲೆ ಬಹಳಷ್ಟು ಇಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ಸರಿಯಾಗಿ ಮುಗಿಸಿದ 100 ಜನರಲ್ಲಿ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. ಈ ಮಾತನ್ನು ನಾನು ರೋಗಿಗೆ ಮಾತ್ರ ಹೇಳಿ ಬಿಡುವುದಿಲ್ಲ, ಹಳೆಯ ಕಥೆ ಹೇಳುವ ಮನೆಯ ಹಿರಿಯರನ್ನು ಕರೆಸಿ ಅವರಿಗೂ ಹೇಳುತ್ತೇನೆ, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಹೊಟ್ಟೆ ತೊಳಸಿದಾಗ ರೋಗಿಯ ಪಕ್ಕದಲ್ಲಿ ಇರುವವರು ಅವರೇ.

ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಸೊಫೊಸ್ಬುವಿರ್ 400 ಮಿಲಿಗ್ರಾಂ ಮತ್ತು ಡಕ್ಲಾಟಾಸ್ವಿರ್ 60 ಮಿಲಿಗ್ರಾಂ, ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಇದ್ದವರಿಗೆ ಸೊಫೊಸ್ಬುವಿರ್ ಜೊತೆ ವೆಲ್ಪಟಾಸ್ವಿರ್. ಹೊಟ್ಟೆಯಲ್ಲಿ ನೀರು ತುಂಬಿದ, ರಕ್ತವಾಂತಿಯಾದ, ಪ್ರಜ್ಞೆ ಮಂಕಾಗುವಷ್ಟು ಯಕೃತ್ತು ಸೋತವರಿಗೆ ಅದರ ಮೇಲೆ ರಿಬಾವಿರಿನ್ ಸೇರಿಸುತ್ತಾರೆ, ಅಥವಾ ರಿಬಾವಿರಿನ್ ಆಗದವರಿಗೆ ಅವಧಿಯನ್ನು 24 ವಾರಕ್ಕೆ ಹೆಚ್ಚಿಸುತ್ತಾರೆ. ಯಾರಿಗೆ ಯಾವುದು ಎಂಬುದು ವೈದ್ಯರ ತೀರ್ಮಾನ.

ಗುಳಿಗೆಯ ಮೊದಲ ಡಬ್ಬಿ ಕೈಗೆ ಬರುವ ದಿನ ಮನೆಯವರು ಮಾಡಬಹುದಾದ ಅತ್ಯಂತ ದೊಡ್ಡ ಉಪಕಾರವೊಂದಿದೆ. ರೋಗಿ ತೆಗೆದುಕೊಳ್ಳುತ್ತಿರುವ ಬೇರೆ ಎಲ್ಲ ಔಷಧಗಳನ್ನು, ಸಕ್ಕರೆ ಕಾಯಿಲೆಯದು, ಬಿಪಿಯದು, ಫಿಟ್ಸಿನದು, ಕಿರಾಣಿ ಅಂಗಡಿಯಲ್ಲಿ ಕೊಂಡ ನೋವಿನ ಗುಳಿಗೆ, ಊರಿನ ಔಷಧದ ಪುಡಿ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಹೆಸರು ನೆನಪಿಲ್ಲದಿದ್ದರೆ ಖಾಲಿ ಪಾಕೀಟಾದರೂ ಸಾಕು. ನನ್ನ ಅನುಭವದಲ್ಲಿ ಹೆಪಟೈಟಿಸ್ ಸಿ ಗುಳಿಗೆಗಳು ತಾವಾಗಿ ಕೊಡುವ ತೊಂದರೆಗಿಂತ ಬೇರೆ ಔಷಧಗಳೊಡನೆ ಸೇರಿ ಆಗುವ ತೊಂದರೆ ಹೆಚ್ಚು ಗಂಭೀರವಾದದ್ದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಾಜೆಪಿನ್, ಫಿನೋಬಾರ್ಬಿಟೋನ್ ಇವು ಹೆಪಟೈಟಿಸ್ ಸಿ ಔಷಧವನ್ನು ರಕ್ತದಲ್ಲಿ ನಿಲ್ಲಲು ಬಿಡುವುದಿಲ್ಲ. ರೋಗಿ ಒಂದು ದಿನವೂ ತಪ್ಪದೆ ನುಂಗಿದ್ದರೂ ಚಿಕಿತ್ಸೆ ವಿಫಲವಾಗಬಹುದು. ಹಾಗೆಂದು ಫಿಟ್ಸಿನ ಗುಳಿಗೆಯನ್ನು ತಾವೇ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ಅದನ್ನು ಬದಲಿಸುವುದೋ ಹೆಪಟೈಟಿಸ್ ಚಿಕಿತ್ಸೆಯನ್ನೇ ಮುಂದೂಡುವುದೋ ಎಂದು ಇಬ್ಬರು ವೈದ್ಯರು ಮಾತನಾಡಿಕೊಳ್ಳಬೇಕು. ಹೃದಯದ ಬಡಿತ ಸರಿಪಡಿಸಲು ಅಮಿಯೋಡರೋನ್ ತೆಗೆದುಕೊಳ್ಳುವವರಲ್ಲಿ ಸೊಫೊಸ್ಬುವಿರ್ ಸೇರಿದಾಗ ನಾಡಿಬಡಿತ ಅಪಾಯಕರವಾಗಿ ಇಳಿದ ಪ್ರಕರಣಗಳು ದಾಖಲಾಗಿವೆ. ಹೆಪಟೈಟಿಸ್ ಬಿ ಕೂಡ ಇದ್ದವರಲ್ಲಿ, ಸಿ ವೈರಸ್ ತಗ್ಗುತ್ತಿದ್ದಂತೆ ಬಿ ವೈರಸ್ ಮೇಲೇಳಬಹುದು. ಅದಕ್ಕಾಗಿಯೇ ಚಿಕಿತ್ಸೆಗೆ ಮೊದಲು ಬಿ ಪರೀಕ್ಷೆಯನ್ನೂ ಮಾಡಿಸುತ್ತೇವೆ.

ನಮ್ಮಲ್ಲಿ ಅತಿ ಹೆಚ್ಚಾಗಿ ಕಾಣುವ ತೊಡಕು ಗ್ಯಾಸಿನ ಗುಳಿಗೆ. ಖಾರದ ಊಟಕ್ಕೂ, ಹೊತ್ತು ತಪ್ಪಿದ ಊಟಕ್ಕೂ, ಎದೆಯುರಿಗೂ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಳಿಗೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವವರು ಪ್ರತಿ ಮನೆಯಲ್ಲೂ ಇದ್ದಾರೆ, ಅದನ್ನು ಅವರು ಔಷಧವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ವೆಲ್ಪಟಾಸ್ವಿರ್ ಕರಗಿ ರಕ್ತಕ್ಕೆ ಸೇರಲು ಹೊಟ್ಟೆಯಲ್ಲಿ ಆಮ್ಲ ಬೇಕು. ಈ ಗುಳಿಗೆಗಳು ಆಮ್ಲವನ್ನೇ ತಗ್ಗಿಸುತ್ತವೆ. ಬಿಳಿ ಔಷಧದಂಥ ಆಂಟಾಸಿಡ್ ಕುಡಿಯಲೇಬೇಕಾದರೆ ಎರಡರ ನಡುವೆ ನಾಲ್ಕು ಗಂಟೆ ಅಂತರವಿರಲಿ. ಪ್ಯಾಂಟೊಪ್ರಜೋಲ್ ಬೇಕೇಬೇಕೆಂದರೆ ವೈದ್ಯರನ್ನು ಕೇಳದೆ ಬೇಡ.

ಸಕ್ಕರೆ ಕಾಯಿಲೆಯವರ ಬಗ್ಗೆ ಒಂದು ಮಾತು. ವೈರಸ್ ಇಳಿಯುತ್ತಿದ್ದಂತೆ ದೇಹ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸತೊಡಗುತ್ತದೆ. ಅದುವರೆಗೆ ಸರಿಯಿದ್ದ ಔಷಧದ ಪ್ರಮಾಣ ಈಗ ಹೆಚ್ಚಾಗಿ ಸಕ್ಕರೆ ಕುಸಿಯಬಹುದು. ಕೈ ನಡುಕ, ಬೆವರು, ಹಸಿವು, ಕಣ್ಣು ಕತ್ತಲೆ ಬಂದಾಗ ಹೆಪಟೈಟಿಸ್ ಗುಳಿಗೆ ಮೈಗೆ ಒಗ್ಗುತ್ತಿಲ್ಲ ಎಂದು ಮನೆಯವರು ತಿಳಿಯುತ್ತಾರೆ. ತಕ್ಷಣ ಸಕ್ಕರೆಯೋ ಬೆಲ್ಲವೋ ಕೊಡಿ, ಸಕ್ಕರೆ ಪರೀಕ್ಷೆ ಮಾಡಿಸಿ. ಇದು ಗುಳಿಗೆ ಕೆಲಸ ಮಾಡುತ್ತಿರುವುದರ ಸೂಚನೆಯೂ ಆಗಿರಬಹುದು.

ಇನ್ನು ಗುಳಿಗೆಯದೇ ಆದ ಅಡ್ಡಪರಿಣಾಮಗಳು. ತಲೆನೋವು, ಸುಸ್ತು, ಓಕರಿಕೆ, ಕೆಲವರಿಗೆ ನಿದ್ದೆ ಬಾರದಿರುವುದು, ಕೆಲವರಿಗೆ ಎರಡು ಮೂರು ದಿನ ಭೇದಿ. ಹೆಚ್ಚಿನವರಿಗೆ ಮೊದಲ ಒಂದೆರಡು ವಾರದಲ್ಲಿ ಇವು ತಾವಾಗಿ ತಗ್ಗುತ್ತವೆ. ಓಕರಿಕೆ ಇದ್ದರೆ ಊಟದ ನಂತರ ನುಂಗಿ. ನಿದ್ದೆ ಕೆಡುತ್ತಿದ್ದರೆ ರಾತ್ರಿಯ ಬದಲು ಬೆಳಿಗ್ಗೆಗೆ ಬದಲಿಸಿ. ಯಾವ ಹೊತ್ತನ್ನು ಆರಿಸಿಕೊಂಡರೂ ದಿನವೂ ಅದೇ ಹೊತ್ತಿಗೆ ಇರಲಿ. ತಲೆನೋವಿಗೆ ಪ್ಯಾರಾಸಿಟಮಾಲ್ ಮಿತವಾಗಿ ಸಾಕು. ಸಿರೋಸಿಸ್ ಇದ್ದವರು ದಿನಕ್ಕೆ 2 ಗ್ರಾಂ ಮೀರಬಾರದು, ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆಗಳನ್ನು ಮುಟ್ಟಲೇಬಾರದು, ಅವು ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ.

ಏಪ್ರಿಲ್, ಮೇ ತಿಂಗಳಲ್ಲಿ ಚಿಕಿತ್ಸೆ ಆರಂಭಿಸುವವರನ್ನು ನಾನು ವಿಶೇಷವಾಗಿ ಎಚ್ಚರಿಸುತ್ತೇನೆ. ಪಾರಾ 42, 43 ದಾಟುವ ನಮ್ಮ ಬಿಸಿಲಿನಲ್ಲಿ ಆರೋಗ್ಯವಂತರಿಗೂ ತಲೆ ಸಿಡಿಯುತ್ತದೆ, ಕೈಕಾಲು ಸೋಲುತ್ತವೆ. ಬಸ್ಸಿನಲ್ಲಿ ಎರಡು ತಾಸು ಬಂದು ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ನಡೆದವರು ಆ ಸುಸ್ತನ್ನೆಲ್ಲ ಗುಳಿಗೆಯ ತಲೆಗೆ ಕಟ್ಟುತ್ತಾರೆ. ಮಧ್ಯಾಹ್ನ ಹೊಲಕ್ಕೆ ಹೋಗುವುದನ್ನು ಬೆಳಗಿನ ಜಾವಕ್ಕೆ ಬದಲಿಸಿ, ನೀರು ಮಜ್ಜಿಗೆ ಹೆಚ್ಚಿಸಿ ಒಂದು ವಾರ ನೋಡಿ ಎನ್ನುತ್ತೇನೆ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಮಾತ್ರ ನೀರಿನ ಅಳತೆಯನ್ನು ವೈದ್ಯರೇ ಹೇಳಬೇಕು. ಗುಳಿಗೆಯನ್ನೂ ಬಿಸಿಲಿನಿಂದ ಕಾಪಾಡಬೇಕು, 30 ಡಿಗ್ರಿಯ ಒಳಗೆ ಇಡಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ತಗಡಿನ ಮನೆಯ ಟ್ರಂಕಿನಲ್ಲಿ, ಮೋಟಾರ್ ಸೈಕಲ್ಲಿನ ಡಿಕ್ಕಿಯಲ್ಲಿ, ಕಿಟಕಿಯ ಗೂಡಿನಲ್ಲಿ ಇಡುವುದು ಬೇಡ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಆದರೆ ತೇವವಿಲ್ಲದ ಮೂಲೆಯನ್ನು ಹುಡುಕಿ ಇಡಿ.

ರಿಬಾವಿರಿನ್ ಸೇರಿದಾಗ ಮಾತು ಬೇರೆ. ಇದು ಹಗುರವಾದ ಔಷಧವಲ್ಲ. ಇದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಆದ್ದರಿಂದ ಮೊದಲ ನಾಲ್ಕು ವಾರಗಳಲ್ಲೇ ಹಿಮೋಗ್ಲೋಬಿನ್ ಗಮನಾರ್ಹವಾಗಿ ಇಳಿಯಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಬಡಿತ, ಮುಖ ಬಿಳಿಚುವುದು, ಕೂತಲ್ಲೇ ತೂಕಡಿಕೆ, ಒಣ ಕೆಮ್ಮು, ಮೈ ತುರಿಕೆ, ಸಣ್ಣ ಮಾತಿಗೂ ಸಿಡುಕು, ಇವನ್ನೆಲ್ಲ ಮನೆಯವರು ಮೊದಲೇ ತಿಳಿದಿರಬೇಕು. ಮೊದಲೇ ರಕ್ತಹೀನತೆ ಇರುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ; ಅವರು ಸುಸ್ತನ್ನು ಸುಸ್ತೆಂದು ಹೇಳುವುದೇ ಇಲ್ಲ, ರೊಟ್ಟಿ ಬಡಿಯಲು ಕೂತವರು ನಡುವೆ ಎದ್ದು ಗೋಡೆಗೆ ಒರಗಿದರೆ ಮನೆಯವರೇ ಗಮನಿಸಬೇಕು. ಎರಡನೆಯ ಮತ್ತು ನಾಲ್ಕನೆಯ ವಾರದ ರಕ್ತಪರೀಕ್ಷೆಗೆ ಬರುವುದನ್ನು ತಪ್ಪಿಸಬಾರದು. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿಳಿದರೆ ರಿಬಾವಿರಿನ್ ಪ್ರಮಾಣ ತಗ್ಗಿಸುತ್ತಾರೆ, 8.5ಕ್ಕಿಂತ ಕೆಳಗಿಳಿದರೆ ನಿಲ್ಲಿಸುತ್ತಾರೆ. ಹೃದಯದ ಕಾಯಿಲೆ ಇದ್ದವರಲ್ಲಿ ಇನ್ನೂ ಬೇಗ ಎಚ್ಚರ ಬೇಕು. ರಿಬಾವಿರಿನ್ ತಗ್ಗಿಸಿದರೆ ಚಿಕಿತ್ಸೆ ಹಾಳಾಯಿತೆಂದಲ್ಲ, ಮುಖ್ಯ ಗುಳಿಗೆ ಮುಂದುವರಿಯುತ್ತದೆ. ರಕ್ತಕಣ ಒಡೆದು ಬರುವ ರಕ್ತಹೀನತೆ ಕಬ್ಬಿಣದ ಟಾನಿಕ್ಕಿನಿಂದಷ್ಟೇ ಸರಿಹೋಗುವುದಿಲ್ಲವಾದ್ದರಿಂದ, ಅಂಗಡಿಯ ಟಾನಿಕ್ ಕುಡಿಸಿ ಕಾಯುತ್ತ ಕೂರಬಾರದು.

ಇನ್ನೊಂದು ವಿಷಯವನ್ನು ನಮ್ಮಲ್ಲಿ ಸಂಕೋಚದಿಂದ ಯಾರೂ ಎತ್ತುವುದಿಲ್ಲ, ಆದ್ದರಿಂದ ನಾನೇ ಎತ್ತುತ್ತೇನೆ. ರಿಬಾವಿರಿನ್ ಗರ್ಭದಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡುತ್ತದೆ. ತೆಗೆದುಕೊಳ್ಳುತ್ತಿರುವವರು ಹೆಂಡತಿಯಾಗಲಿ ಗಂಡನಾಗಲಿ, ಚಿಕಿತ್ಸೆಯ ಕಾಲದಲ್ಲಿಯೂ ಅದು ಮುಗಿದ ಮೇಲೆ ಕನಿಷ್ಠ ಆರು ತಿಂಗಳೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಹೊಸದಾಗಿ ಮದುವೆಯಾದ ಮಗನಿಗೆ ಈ ಔಷಧ ಬರೆದಾಗ ತಾಯಿಯ ಮುಂದೆ ಇದನ್ನು ಹೇಳಲಾಗುವುದಿಲ್ಲ. ಗಂಡಹೆಂಡಿರಿಬ್ಬರನ್ನೇ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಅವರು ತಲೆಯಾಡಿಸಿದರೆ ಸಾಲದು, ಅವರ ಬಾಯಿಂದಲೇ ಮತ್ತೆ ಹೇಳಿಸುತ್ತೇನೆ. ಮನೆಮಾತು ದಖ್ಖನಿಯೋ ತೆಲುಗೋ ಲಂಬಾಣಿಯೋ ಆಗಿದ್ದರೆ ಆ ಭಾಷೆ ಬಲ್ಲ ಸಹೋದ್ಯೋಗಿಯನ್ನು ಕರೆಯುತ್ತೇನೆ. ಇಂಥ ಮಾತು ಅರ್ಧ ತಿಳಿದರೆ ತಿಳಿಯದಿದ್ದಂತೆಯೇ.

ಊಟದ ವಿಷಯದಲ್ಲಿ ನನಗೆ ಕೋಪ ಬರುವಷ್ಟು ತಪ್ಪು ತಿಳಿವಳಿಕೆಗಳಿವೆ. ಯಕೃತ್ತಿನ ಕಾಯಿಲೆ ಎಂದೊಡನೆ ಅರಿಶಿನ ನಿಲ್ಲುತ್ತದೆ, ಎಣ್ಣೆ ನಿಲ್ಲುತ್ತದೆ, ಬೇಳೆ ನಿಲ್ಲುತ್ತದೆ, ಮೊಟ್ಟೆ ನಿಲ್ಲುತ್ತದೆ, ಉಳಿಯುವುದು ಗಂಜಿ. ಮೊದಲೇ ಸೊರಗಿದ ಸಿರೋಸಿಸ್ ರೋಗಿಯ ತೋಳು ತೊಡೆಗಳ ಮಾಂಸ ಕರಗಿ ಹೋಗಲು ಈ ಪಥ್ಯವೇ ಸಾಕು. ಇಂಥವರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ತೊಗರಿ ಬೆಳೆಯುವ ನಾಡಿನಲ್ಲಿ ಅದಕ್ಕೆ ಬರವಿಲ್ಲ. ಜೋಳದ ರೊಟ್ಟಿ, ಗಟ್ಟಿ ಬೇಳೆ, ಪುಂಡಿಪಲ್ಯ, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು, ಎಲ್ಲವೂ ನಡೆಯುತ್ತದೆ. ರಾತ್ರಿ ಮಲಗುವ ಮುನ್ನ ಸಣ್ಣದೊಂದು ತಿಂಡಿ ಸಿರೋಸಿಸ್ ಇದ್ದವರಿಗೆ ಬಹಳ ಒಳ್ಳೆಯದು, ರಾತ್ರಿಯ ದೀರ್ಘ ಉಪವಾಸದಲ್ಲಿ ಅವರ ದೇಹ ತನ್ನದೇ ಮಾಂಸವನ್ನು ಕರಗಿಸತೊಡಗುತ್ತದೆ. ಹೊಟ್ಟೆ, ಕಾಲು ಬಾತವರು ಉಪ್ಪನ್ನು ಕಡಿಮೆ ಮಾಡಬೇಕು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಿಂದಲೇ ಹೆಚ್ಚು ಉಪ್ಪು ಹೋಗುತ್ತದೆ. ಸೆರೆ, ಸೇಂದಿ ಪೂರ್ತಿ ನಿಲ್ಲಬೇಕು. ಕಾಮಾಲೆಗೆಂದು ಕೊಡುವ ಸೊಪ್ಪಿನ ರಸ, ಪುಡಿ, ಮುಂಗೈಗೆ ಹಾಕುವ ಬರೆ, ಇವುಗಳಿಂದ ಈ ವೈರಸ್ ಹೋಗುವುದಿಲ್ಲ; ಏನು ಸೇರಿದೆಯೆಂದು ಗೊತ್ತಿಲ್ಲದ ಪುಡಿಯನ್ನು ಸೋತ ಯಕೃತ್ತಿಗೆ ಕೊಡುವುದು ಅಪಾಯ. ಔಷಧ ಕೊಡುವವರು ಊರಿನಲ್ಲಿ ಗೌರವವುಳ್ಳ ಹಿರಿಯರಾಗಿರುವುದರಿಂದ ನಾನು ಅವರ ಬಗ್ಗೆ ಕೆಟ್ಟ ಮಾತಾಡುವುದಿಲ್ಲ. ಈ 12 ವಾರ ಮಾತ್ರ ಅದು ಬೇಡ ಎಂದು ಕೇಳಿಕೊಳ್ಳುತ್ತೇನೆ, ಬಹಳ ಜನ ಒಪ್ಪುತ್ತಾರೆ.

ಮನೆಯೊಳಗಿನ ಅಡ್ಡಪರಿಣಾಮ ಒಂದಿದೆ. ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವುದು. ಯಾವ ಗುಳಿಗೆಯೂ ಕೊಡದಷ್ಟು ನೋವನ್ನು ಇದು ಕೊಡುತ್ತದೆ, ಸೊಸೆಯಂದಿರ ಪಾಲಿಗಂತೂ ತವರಿಗೆ ಹೋಗಿ ಕೂರುವವರೆಗೂ ಮುಟ್ಟುತ್ತದೆ. ಹೆಪಟೈಟಿಸ್ ಸಿ ಎಂಜಲಿನಿಂದ, ಒಂದೇ ತಟ್ಟೆಯ ಊಟದಿಂದ, ಅಪ್ಪಿಕೊಳ್ಳುವುದರಿಂದ, ಮಗುವಿಗೆ ಮುತ್ತು ಕೊಡುವುದರಿಂದ ಹರಡುವುದಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿಲ್ಲವಾದರೆ ಹಾಲುಣಿಸಬಹುದು. ಬೇರೆ ಇರಬೇಕಾದವು ರೇಜರ್, ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ, ಸಕ್ಕರೆ ಪರೀಕ್ಷೆಯ ಸೂಜಿ, ಇಷ್ಟೇ. ರಕ್ತ ಬಿದ್ದ ಜಾಗವನ್ನು ಬ್ಲೀಚಿಂಗ್ ನೀರಿನಿಂದ ಒರೆಸಿ. ಗಂಡ ಅಥವಾ ಹೆಂಡತಿಗೆ, ಸೋಂಕಿದ್ದ ತಾಯಿ ಹೆತ್ತ ಮಕ್ಕಳಿಗೆ ಒಮ್ಮೆ ಪರೀಕ್ಷೆ ಮಾಡಿಸಿ. ಇದನ್ನು ಕಾಗದದಲ್ಲಿ ಬರೆದುಕೊಟ್ಟರೆ ಸಾಲದು, ಅತ್ತೆಯ ಮುಂದೆ ವೈದ್ಯರ ಬಾಯಿಂದ ಹೇಳಿಸಬೇಕು. ಒಬ್ಬ ಅತ್ತೆ ಅಲ್ಲಿಯೇ ಸೊಸೆಯ ಬಾಟಲಿಯಿಂದ ನೀರು ಕುಡಿದು "ಆಯ್ತಲ್ರಿ ಇನ್ನ?" ಎಂದದ್ದು ನನಗೆ ಬಹಳ ಸಮಾಧಾನ ಕೊಟ್ಟ ದಿನ.

ಒಂದು ಡಬ್ಬಿಯಲ್ಲಿ 28 ಗುಳಿಗೆ, 12 ವಾರಕ್ಕೆ ಮೂರು ಡಬ್ಬಿ. ಯಾವುದೋ ದಿನ ಮರೆತರೆ, ನುಂಗುವ ಹೊತ್ತು ಮೀರಿ 18 ಗಂಟೆಯೊಳಗೆ ನೆನಪಾದಾಗ ನುಂಗಬಹುದು. ಅದನ್ನೂ ಮೀರಿದರೆ ಮರುದಿನದ್ದನ್ನು ಅದರ ಹೊತ್ತಿಗೆ ನುಂಗಿ, ಎರಡನ್ನು ಒಟ್ಟಿಗೆ ಬೇಡ. ರಂಜಾನ್ ತಿಂಗಳಲ್ಲಿ ಚಿಕಿತ್ಸೆ ಬಂದವರಿಗೆ ದಿನಕ್ಕೊಮ್ಮೆಯೇ ನುಂಗುವುದಾದ್ದರಿಂದ ಇಫ್ತಾರಿನ ನಂತರದ ಹೊತ್ತು ಅನುಕೂಲ. ಶ್ರಾವಣದ ಸೋಮವಾರ ಒಪ್ಪತ್ತು ಮಾಡುವವರಿಗೂ ಅದೇ ಮಾತು. ಸಿರೋಸಿಸ್ ಇದ್ದವರು, ರಿಬಾವಿರಿನ್ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು. ಗುಳೆ ಹೋಗುವವರದು ದೊಡ್ಡ ಸಮಸ್ಯೆ. ಸುಗ್ಗಿ ಮುಗಿದೊಡನೆ ಯಾದಗಿರಿ, ಜೇವರ್ಗಿ ಕಡೆಯ ಮನೆಮಂದಿಯೆಲ್ಲ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಪುಣೆಗೋ ಮುಂಬೈಗೋ ಹೊರಡುತ್ತಾರೆ, ಡಬ್ಬಿ ಮುಗಿದಾಗ ಕಲಬುರಗಿ ನೂರಾರು ಕಿಲೋಮೀಟರ್ ದೂರ. ಹೊರಡುವ ತಾರೀಖನ್ನು ಮುಚ್ಚಿಡಬೇಡಿ. ಮೊದಲೇ ತಿಳಿದರೆ ಹೋಗುವ ಊರಿನ ಕೇಂದ್ರಕ್ಕೆ ಪತ್ರ ಬರೆದುಕೊಡಲು ಸಾಧ್ಯವಾಗುತ್ತದೆ, ಅಥವಾ ಚಿಕಿತ್ಸೆಯ ಆರಂಭವನ್ನೇ ವೈದ್ಯರು ಅದಕ್ಕೆ ಹೊಂದಿಸಬಹುದು.

ಕೊನೆಯ ಡಬ್ಬಿ ಖಾಲಿಯಾದ ಮೇಲಿನ ಕಾಲಕ್ಕೆ ಬರುತ್ತೇನೆ. ಗುಳಿಗೆ ಮುಗಿಯುವ ಹೊತ್ತಿಗೆ ಬಹುತೇಕ ಎಲ್ಲರ ರಕ್ತದಲ್ಲೂ ವೈರಸ್ ಕಾಣಿಸದಷ್ಟು ಇಳಿದಿರುತ್ತದೆ. ಆದರೆ ಔಷಧದ ಒತ್ತಡವಿಲ್ಲದೆ 12 ವಾರ ಕಳೆದ ಮೇಲೂ ಅದು ಕಾಣಿಸದಿದ್ದರೆ ಮಾತ್ರ ಗುಣವೆಂದು ಹೇಳುತ್ತೇವೆ. ಈ 12 ವಾರಗಳಲ್ಲಿ ಕೆಲವರು ಗೆದ್ದೆವೆಂದು ಮತ್ತೆ ಕುಡಿತಕ್ಕೆ ಇಳಿಯುತ್ತಾರೆ, ಕೆಲವರು ಸಣ್ಣ ಹೊಟ್ಟೆನೋವಿಗೂ ವೈರಸ್ ಮರಳಿತೆಂದು ನಿದ್ದೆಗೆಡುತ್ತಾರೆ. ಹೆಚ್ಚಿನವರು ಬರುವುದೇ ಇಲ್ಲ. ಆರಾಮ ಇದ್ದಾರೆ, ಒಂದು ದಿನದ ಕೂಲಿ ಕಳೆದುಕೊಂಡು ಮತ್ತೇಕೆ ಬರಬೇಕು? ಅವರ ಲೆಕ್ಕ ನನಗೆ ಅರ್ಥವಾಗುತ್ತದೆ, ಆದರೆ ಗುಣವಾಗದೆ ಉಳಿದ ಆ ಕೆಲವರು ಬಾರದವರ ನಡುವೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಅವರಿಗೆ ಎರಡನೆಯ ಸುತ್ತಿನ ಚಿಕಿತ್ಸೆ ಇದೆ. ಹಾಗಾಗಿ ಈ ಅವಧಿಯಲ್ಲಿ ನಾನು ಫೋನು ಮಾಡುತ್ತೇನೆ, ಪರೀಕ್ಷೆಯ ವಿಷಯವೊಂದನ್ನೇ ಕೇಳದೆ ಮಳೆ, ಬಿತ್ತನೆ, ಮಕ್ಕಳ ಶಾಲೆಯ ವಿಷಯ ಮಾತಾಡಿ ಆಮೇಲೆ ತಾರೀಖು ನೆನಪಿಸುತ್ತೇನೆ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿಡಲು ರೋಗಿ ಒಪ್ಪಿದರೆ ಕೆಲಸ ಇನ್ನೂ ಸುಲಭ; ಒಪ್ಪದಿದ್ದರೆ ಹೇಳುವುದಿಲ್ಲ, ರೋಗದ ಹೆಸರು ಊರಿಗೆ ಹೋಗುವುದು ಅವರ ಅನುಮತಿಯಿಂದ ಮಾತ್ರ.

ವೈರಸ್ ಇಲ್ಲವೆಂಬ ವರದಿ ಬಂದ ದಿನ ನಾನು ಮೂರು ಮಾತುಗಳನ್ನು ತಪ್ಪದೆ ಹೇಳುತ್ತೇನೆ. ಮೊದಲನೆಯದು, ವೈರಸ್ಸಿನ ವಿರುದ್ಧ ದೇಹ ತಯಾರಿಸಿಕೊಂಡ ಪ್ರತಿಕಾಯವನ್ನು ನೋಡುವ ಪರೀಕ್ಷೆ, ಅಂದರೆ ಆಂಟಿ ಎಚ್‌ಸಿವಿ, ಗುಣವಾದ ಮೇಲೂ ವರ್ಷಗಟ್ಟಲೆ ಪಾಸಿಟಿವ್ ಎಂದೇ ಬರುತ್ತದೆ. ಬೇರೆ ಆಸ್ಪತ್ರೆಯಲ್ಲಿ ಅದನ್ನು ಕಂಡು ರೋಗ ಮರಳಿತೆಂದು ಎದೆಗುಂದಬಾರದು. ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯ ಈ ಕಾಗದವನ್ನು ಜೋಪಾನವಾಗಿಟ್ಟು ತೋರಿಸಬೇಕು. ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗಲಿರುವವರಿಗೆ ಇದೇ ದೊಡ್ಡ ಅಡ್ಡಿಯಾಗುತ್ತದೆ, ಏಕೆಂದರೆ ಅಲ್ಲಿನ ಹಲವು ವೀಸಾ ತಪಾಸಣೆಗಳಲ್ಲಿ ನೋಡುವುದು ಪ್ರತಿಕಾಯವನ್ನು. ಪೂರ್ತಿ ಗುಣವಾದ ಯುವಕನೊಬ್ಬ ಆ ಕಾರಣಕ್ಕೆ ಮನೆಯಲ್ಲಿ ಉಳಿಯಬೇಕಾಗಿ ಬಂದಾಗ ಅವನಿಗೆ ಹೇಳಲು ನನ್ನಲ್ಲಿ ಒಳ್ಳೆಯ ಮಾತು ಇರಲಿಲ್ಲ. ಈ ನಿಯಮ ಅನ್ಯಾಯದ್ದು ಎಂದೇ ನಾನು ನಂಬಿದ್ದೇನೆ. ಎರಡನೆಯದು, ಒಮ್ಮೆ ಗುಣವಾದದ್ದು ಮುಂದಿನ ಸೋಂಕಿಗೆ ರಕ್ಷಣೆಯಲ್ಲ, ಹಳೆಯ ದಾರಿಯಲ್ಲೇ ಅದು ಮತ್ತೆ ಬರಬಹುದು. ಮೂರನೆಯದು ಸಿರೋಸಿಸ್ ಇದ್ದವರಿಗೆ. ವೈರಸ್ ಹೋದರೂ ಗಾಯಗೊಂಡು ಗಂಟುಗಟ್ಟಿದ ಯಕೃತ್ತಿನಲ್ಲಿ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುತ್ತಲೇ ಇರಬೇಕು. ಅವರ ವರದಿಯ ಹಿಂಬದಿಯಲ್ಲಿ ಮೊದಲ ಸ್ಕ್ಯಾನಿನ ತಿಂಗಳನ್ನು ಕೆಂಪು ಶಾಯಿಯಲ್ಲಿ ಬರೆದು, ಜೊತೆಗೆ ಬಂದವರ ಫೋನಿನಲ್ಲೂ ಆ ತಾರೀಖನ್ನು ನನ್ನ ಮುಂದೆಯೇ ಹಾಕಿಸಿ ಕಳುಹಿಸುತ್ತೇನೆ.